ಯುರೋಪ್ ಟ್ರಿಪ್ಪಾ? ಮೊದಲು ಶೂ ನೋಡಿ

ವೀಸಾ, ಫ್ಲೈಟು, ಹೋಟೆಲು ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡಿದ್ದೆ. ಶೂಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಪುಣೆಯಿಂದ ಹೊರಡೋ ಹಿಂದಿನ ದಿನ ಅಮ್ಮನಿಗೆ ಹೊಸ ಶೂ ಕೊಡಿಸಿದೆ. ರೋಮ್‌ನಲ್ಲಿ ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ. ಅಮ್ಮನಿಗೆ ಶುಗರ್ ಬೇರೆ ಇದೆ, ಗಾಯ ಬೇಗ ಮಾಯಲ್ಲ. ವ್ಯಾಟಿಕನ್ ನೋಡೋ ದಿನ ಅವರು ರೂಮಲ್ಲೇ ಕೂತ್ರು.

ರೋಮ್‌ನ ಹಳೇ ಬೀದಿಗಳಲ್ಲಿ ಸಾಂಪಿಯೆಟ್ರಿನಿ ಅಂತ ಕಪ್ಪು ಜ್ವಾಲಾಮುಖಿ ಕಲ್ಲು ಹಾಸಿದ್ದಾರೆ. ನಡುನಡುವೆ ಸಂದು. ತೆಳು ಸೋಲ್ ಆದ್ರೆ ಒಂದೊಂದು ಸಂದೂ ಪಾದಕ್ಕೆ ಗೊತ್ತಾಗುತ್ತೆ, ಹಾಗಾಗಿ ದಪ್ಪ ಸೋಲ್ ಬೇಕು. ಲಿಸ್ಬನ್ ಕಥೆ ಬೇರೆ. ಅಲ್ಲಿ ಫುಟ್‌ಪಾತ್‌ಗೆ ಸುಣ್ಣಕಲ್ಲಿನ ಚೂರು, ಜನ ಓಡಾಡಿ ಓಡಾಡಿ ನುಣ್ಣಗಾಗಿದೆ, ಮೇಲಿಂದ ಏರು ಇಳಿಜಾರು. ಮಳೆ ಬಂದ್ರೆ ಮಲೆನಾಡಿನ ಪಾಚಿ ಕಟ್ಟಿದ ಅಂಗಳವೇ! ಅಲ್ಲಿಗೆ ಮೆತ್ತಗಿರೋದಕ್ಕಿಂತ ಹಿಡಿತ ಇರೋ ರಬ್ಬರ್ ಸೋಲ್ ಮುಖ್ಯ.

ಶೂ ಕೊಳ್ಳೋಕೆ ಸಂಜೆ ಹೋಗಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ. ಟ್ರಿಪ್ಪಿಗೆ ಹಾಕೋ ಸಾಕ್ಸನ್ನೇ ಹಾಕ್ಕೊಂಡು ನೋಡಿ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ, ಹಿಮ್ಮಡಿ ಮಾತ್ರ ಜಾರಬಾರದು. ಜಾರಿದ್ರೆ ಕಡೇ ತೂತಿಗೂ ಲೇಸ್ ಹಾಕಿ ಬಿಗಿ ಮಾಡಿ. ವಾಟರ್‌ಪ್ರೂಫ್ ತಗೊಳ್ಳಿ ಅಂತ ಅಂಗಡಿಯವರು ಒತ್ತಾಯ ಮಾಡ್ತಾರೆ. ಬೇಸಿಗೆಗೆ ಬೇಡ, ಒಳಗೆ ಕಾಲು ಬೇಯುತ್ತೆ. ಕಾಟನ್ ಸಾಕ್ಸೂ ಬೇಡ: ಬೆವರು ಹಿಡ್ಕೊಳ್ಳುತ್ತೆ, ಒದ್ದೆ ಚರ್ಮ ಉಜ್ಜಿದ್ರೆ ಬೊಬ್ಬೆ ಏಳುತ್ತೆ. ಉಣ್ಣೆ ಅಥವಾ ಸಿಂಥೆಟಿಕ್ ವಾಸಿ.

ಆಮೇಲೆ 2-3 ವಾರ ಅದರಲ್ಲೇ ಆಫೀಸಿಗೆ, ತರಕಾರಿಗೆ ಓಡಾಡಿ. ಈ ಸಲ ಪ್ರಾಗ್‌ಗೆ ಹೊರಟಿದ್ದೀವಿ. ಅಮ್ಮ ಒಂದು ತಿಂಗಳಿಂದ ಸೀರೆ ಮೇಲೇ ಶೂ ಹಾಕ್ಕೊಂಡು ಸೊಸೈಟಿ ಸುತ್ತು ಹಾಕ್ತಿದ್ದಾರೆ. ವಾಚ್‌ಮನ್‌ಗೂ ಈಗ ಪ್ರಾಗ್ ವಿಷಯ ಗೊತ್ತು.