ಕನ್ನಡದಲ್ಲಿ ‘ಕೇಳು’ ಒಂದೇ, ಇಂಗ್ಲಿಷಿನಲ್ಲಿ ಮೂರು

ನಿಮ್ಮ ಮಗು ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ‘ಐ ಹರ್ಡ್ ಎ ಕ್ವೆಶ್ಚನ್ ಟು ಟೀಚರ್’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡು ಬಂದಿದೆಯೇ? ಗದರಬೇಡಿ. ‘ಟೀಚರಿಗೆ ಪ್ರಶ್ನೆ ಕೇಳಿದೆ’ ಎಂದು ಅದು ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದೆ. ನಮ್ಮ ‘ಕೇಳು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಮೂರು ಪದಗಳು ಹಂಚಿಕೊಂಡಿವೆ, ಅಷ್ಟೆ.

ಸದ್ದು ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’. ಮನಸ್ಸಿಟ್ಟು ಕೇಳಿದರೆ ‘ಲಿಸನ್’. ಏನನ್ನು ಕೇಳಿದೆ ಎಂದು ಹೇಳುವಾಗ ಅದರ ಜೊತೆ ‘ಟು’ ಬರಬೇಕು. ಪ್ರಶ್ನೆ ಕೇಳಿದರೆ ‘ಆಸ್ಕ್’. ರಾತ್ರಿ ನಾಯಿ ಬೊಗಳಿದ್ದು ಹಿಯರ್, ಪಾಠ ಕೇಳುವುದು ಲಿಸನ್, ಅಂಗಡಿಯಲ್ಲಿ ಬೆಲೆ ಕೇಳುವುದು ಆಸ್ಕ್.

ಗಡಿಯ ಮಕ್ಕಳಿಗೆ ನೆರೆಭಾಷೆಯೂ ನೆರವಾಗುತ್ತದೆ. ಅಕ್ಕಲಕೋಟೆ, ಜತ್ತದ ಮಗುವಿಗೆ ಮರಾಠಿಯ ‘ಐಕ್ಣೆ’ ಬೇರೆ, ‘ವಿಚಾರ್ಣೆ’ ಬೇರೆ ಎಂಬುದು ಗೊತ್ತು. ಮಡಕಶಿರಾ, ರಾಯದುರ್ಗದಲ್ಲಿ ತೆಲುಗಿನ ‘ವಿನು’, ‘ಅಡುಗು’ ಇವೆ. ಕಾಸರಗೋಡಿನ ಮಲೆಯಾಳದಲ್ಲೂ ಪ್ರಶ್ನೆ ಕೇಳುವುದಕ್ಕೆ ‘ಚೋದಿಕ್ಕುಕ’ ಎಂಬ ಪ್ರತ್ಯೇಕ ಪದವಿದೆ. ಹೊಸೂರು, ತಾಳವಾಡಿಯಲ್ಲಿ ಮಾತ್ರ ತಮಿಳಿನ ‘ಕೇಳ್’ ನಮ್ಮದರಂತೆಯೇ ಎರಡಕ್ಕೂ ಸಲ್ಲುತ್ತದೆ. ಅಲ್ಲಿನ ಮಕ್ಕಳಿಗೆ ಇನ್ನೊಂದಿಷ್ಟು ಅಭ್ಯಾಸ ಬೇಕಾಗಬಹುದು.

‘ನೋಡು’ ಎಂಬುದರಲ್ಲೂ ಇದೇ ತೊಡಕು. ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದೇ ಅತ್ತ ನೋಡಿದರೆ ‘ಲುಕ್ ಅಟ್’, ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಿದ್ದರೆ ‘ವಾಚ್’. ಕಪ್ಪು ಹಲಗೆಗೆ ಲುಕ್ ಅಟ್, ಕಬಡ್ಡಿ ಆಟಕ್ಕೆ ವಾಚ್.

ನಿಮಗೆ ಇಂಗ್ಲಿಷ್ ಬಾರದಿದ್ದರೂ ಕಲಿಸಬಹುದು, ಏಕೆಂದರೆ ಕೀಲಿ ಕನ್ನಡದಲ್ಲೇ ಇದೆ. ‘ನನಗೆ ಕೇಳಿಸಿತು’ ಎನ್ನಲು ಬಂದರೆ ಸಾಮಾನ್ಯವಾಗಿ ಹಿಯರ್. ‘ನನಗೆ ಕಾಣಿಸಿತು’ ಎನ್ನಲು ಬಂದರೆ ಸೀ. ಪೆನ್ಸಿಲ್ ಕಡ ತಂದರೆ ‘ಬಾರೋ’, ಕಡ ಕೊಟ್ಟರೆ ‘ಲೆಂಡ್’. ಇಲ್ಲಿಗೆ ತಂದರೆ ‘ಬ್ರಿಂಗ್’, ಅಲ್ಲಿಗೆ ಒಯ್ದರೆ ‘ಟೇಕ್’.

ಇಂಥ ತಪ್ಪುಗಳನ್ನು ಕಂಡು ‘ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು’ ಎಂದು ಕೊರಗುವ ಪಾಲಕರಿದ್ದಾರೆ. ಆ ತೀರ್ಮಾನಕ್ಕೆ ಬರುವ ಮುನ್ನ ಇಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೆಂಪು ಗೆರೆ ಬಿದ್ದ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ‘ತಾನಾಗಿ ಕೇಳಿಸಿತೋ, ಮನಸ್ಸಿಟ್ಟು ಕೇಳಿದೆಯೋ, ಪ್ರಶ್ನೆ ಕೇಳಿದೆಯೋ?’ ಎಂದು ವಿಚಾರಿಸಿ. ಅರ್ಥ ಯಾವುದೆಂದು ಮಗುವಿಗೆ ಹೊಳೆದರೆ ಸರಿಯಾದ ಇಂಗ್ಲಿಷ್ ಪದವನ್ನು ಅದೇ ಆರಿಸಿಕೊಳ್ಳುತ್ತದೆ.