ಕಾಣಿಕೆಗಿಂತ ಮೊದಲು

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆ ಎಂದರೆ ಹರಕೆಯ ಜಾತ್ರೆ. ತುಮಲು ಬಯಲಿನಲ್ಲಿ ಅಮ್ಮನತ್ತ ಈರುಳ್ಳಿ ತೂರುವ ರೈತನಿಗೆ ಅದು ಬರೀ ಆಚರಣೆಯಲ್ಲ, ಕೊಟ್ಟ ಮಾತು. ದೇವರಿಗೆ ಹೇಳಿಕೊಂಡದ್ದನ್ನು ಸಲ್ಲಿಸಲೇಬೇಕು ಎಂಬ ಅಳುಕು ಈ ಸೀಮೆಗೆ ಹೊಸದಲ್ಲ. ಕ್ರೈಸ್ತರ ಬೈಬಲ್ಲಿಗೂ ಹರಕೆ, ಬಲಿ, ಕಾಣಿಕೆ ಚೆನ್ನಾಗಿ ಗೊತ್ತು. ಅದು ಮತ್ತೆ ಮತ್ತೆ ಎತ್ತುವ ಪ್ರಶ್ನೆ ಇಷ್ಟೇ: ಕೈಯಲ್ಲಿ ಕಾಣಿಕೆ ಇದೆ, ಸರಿ, ತಂದವನ ಮನಸ್ಸಿನಲ್ಲಿ ಏನಿದೆ?

ಈ ಪ್ರಶ್ನೆ ಕನ್ನಡದಲ್ಲಿ ಅಚ್ಚಾಗಿದ್ದಕ್ಕೂ ಈ ಭಾಗಕ್ಕೂ ನಂಟಿದೆ. ಚಳ್ಳಕೆರೆಯಿಂದ ಹಾನಗಲ್ ದಾಟಿ ಹೋಗುವ ಹೆದ್ದಾರಿ ಬಳ್ಳಾರಿ ಮುಟ್ಟುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಅವರ ಸಂಗಡ ದುಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮರುವರ್ಷವೇ ಹೊರಬಂತು.

ಆ ಗ್ರಂಥದಲ್ಲಿ, ಕುರಿ ಸಾಕುವ ನಾಡಿಗೆ ಥಟ್ಟನೆ ತಾಗುವ ಕಥೆಯೊಂದಿದೆ. ಅರಸ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕೂಡಿ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸುತ್ತಾನೆ. ಪ್ರವಾದಿ ನಾತಾನ್ ಬಂದು ನೇರ ಬೈಯುವುದಿಲ್ಲ. ಒಂದು ದೂರು ಒಪ್ಪಿಸುತ್ತಾನೆ. ಹಿಂಡುಗಟ್ಟಲೆ ಕುರಿಯುಳ್ಳ ಸಾಹುಕಾರನೊಬ್ಬ, ಮನೆಗೆ ನೆಂಟ ಬಂದಾಗ ತನ್ನ ಹಿಂಡನ್ನು ಮುಟ್ಟದೆ, ಬಡವನಿಗಿದ್ದ ಒಂದೇ ಒಂದು ಮರಿಯನ್ನು, ಅವನ ತಟ್ಟೆಯಲ್ಲೇ ಉಂಡು ಮಗಳಂತೆ ಬೆಳೆದ ಮರಿಯನ್ನು, ಹಿಡಿದು ಅಡುಗೆ ಮಾಡಿಸಿದ. ದಾವೀದ ಕೆಂಡವಾಗುತ್ತಾನೆ. ಅಂಥವನು ಸಾಯಬೇಕು, ಒಂದಕ್ಕೆ ನಾಲ್ಕು ತೆರಬೇಕು ಎಂದು ತೀರ್ಪು ಕೊಡುತ್ತಾನೆ. ಆ ಮನುಷ್ಯ ನೀನೇ ಎಂದು ನಾತಾನ್ ಹೇಳುವುದು ಆಮೇಲೆ.

ಪಶ್ಚಾತ್ತಾಪದ ಪ್ರಾರ್ಥನೆಯಾದ 51ನೆಯ ಕೀರ್ತನೆಗೆ ಈ ಪ್ರಸಂಗವೇ ಹಿನ್ನೆಲೆ ಎಂದು ಅದರ ತಲೆಬರಹ ಹೇಳುತ್ತದೆ. ಪ್ರಾಣಿಬಲಿಗಿಂತ ಜಜ್ಜಿಹೋದ ಮನಸ್ಸೇ ದೇವರಿಗೆ ಒಪ್ಪಿಗೆ ಎಂಬುದು ಅದರ ಸಾರ. ಆದರೆ ಗಮನಿಸಬೇಕಾದದ್ದು ಕಣ್ಣೀರನ್ನಲ್ಲ, ಅದಕ್ಕೆ ಮುಂಚಿನದನ್ನು. ಪರರ ತಪ್ಪಿಗೆ ಚುರುಕಾಗಿ ತೀರ್ಪು ಕೊಟ್ಟ ಅರಸನಿಗೆ ತನ್ನ ತಪ್ಪು ಕಂಡಿರಲಿಲ್ಲ. ಹೃದಯವೇ ವಂಚಕ ಎಂದು ಪ್ರವಾದಿ ಯೆರೆಮೀಯ ಹೇಳುವುದೂ, ನನ್ನನ್ನು ನೀನೇ ಶೋಧಿಸು ಎಂದು 139ನೆಯ ಕೀರ್ತನೆ ದೇವರಿಗೇ ಮೊರೆಯಿಡುವುದೂ ಇದೇ ಕಾರಣಕ್ಕೆ. ಕಳ್ಳನ ಕೈಗೇ ತನಿಖೆ ಕೊಟ್ಟರೆ ಏನಾಗುತ್ತದೆಂದು ಇವರಿಗೆ ಗೊತ್ತಿತ್ತು.

ಹಾಗಾದರೆ ಶೋಧನೆ ಯಾವುದರ ಬಗ್ಗೆ? ಜರ್ಮನಿಯ ಪಾದ್ರಿ ಗೋಸ್ನರ್ 1812ರಲ್ಲಿ ಹೊರತಂದ ಹೃದಯದ ಚಿತ್ರಪುಸ್ತಕದಲ್ಲಿ ಪಾಪಿಯ ಎದೆಯೊಳಗೆ ನವಿಲು, ಹುಲಿ, ಆಮೆ ಮನೆ ಮಾಡಿಕೊಂಡಿವೆ. ಅಹಂಕಾರ, ಸಿಟ್ಟು, ಸೋಮಾರಿತನ ಎಂದು ಓದಿಕೊಳ್ಳಬೇಕು. ಚಿತ್ರ ಸೊಗಸು, ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಆ ಎದೆಯಲ್ಲಿ ಇನ್ನೊಬ್ಬ ಮನುಷ್ಯನಿಗೆ ಜಾಗವೇ ಇಲ್ಲ.

ಬೈಬಲ್ಲಿನಲ್ಲಿ ಇದೆ. ಕರ್ತನ ರಾತ್ರಿಭೋಜನಕ್ಕೆ ಕೈಚಾಚುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಬೇಕೆಂದು ಪೌಲನು ಕೊರಿಂಥದ ಸಭೆಗೆ ಬರೆದ. ಈ ಮಾತನ್ನು ಬೋಧಕರು ಸಾಮಾನ್ಯವಾಗಿ ಒಂಟಿ ಮನಸ್ಸಿನ ಗುಟ್ಟುಗಳಿಗೆ ಅನ್ವಯಿಸುತ್ತಾರೆ. ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿದರೆ ಸಂಗತಿ ಬೇರೆ: ಅಲ್ಲಿನ ಕೂಟದಲ್ಲಿ ಉಳ್ಳವರು ಕಾಯದೆ ಉಣ್ಣುತ್ತಿದ್ದರು, ಕೆಲವರಿಗೆ ಅಮಲೇರುತ್ತಿತ್ತು, ಇಲ್ಲದವರು ಹಸಿದು ನಾಚಿ ಕೂರುತ್ತಿದ್ದರು. ಪಂಕ್ತಿಯಲ್ಲಿ ಪಕ್ಕದವನನ್ನು ಹೇಗೆ ಕಂಡೆ ಎಂಬುದೇ ಪರೀಕ್ಷೆಯ ಮೊದಲ ಪ್ರಶ್ನೆ.

ಪಂಕ್ತಿಭೇದ ಬಲ್ಲ ನಮ್ಮ ನೆಲದಲ್ಲಿ ಇದಕ್ಕೆ ವಿವರಣೆ ಬೇಡ. ದಕ್ಷಿಣದ ಹಲವು ಸಭೆಗಳಲ್ಲಿ ಬೇರೆ ಬೇರೆ ಜಾತಿಯವರು ಬೇರೆ ಬೇರೆ ಕೂರುತ್ತಿದ್ದ ಕಾಲವಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ, ಸಭೆಯೊಳಗಿನ ಜಾತಿಭೇದವನ್ನು ತಡಮಾಡದೆ ಕೈಬಿಡಬೇಕೆಂದು ಪತ್ರ ಬರೆದಾಗ ತಂಜಾವೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಪತ್ರದಿಂದ ಜಾತಿ ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ.

ಕಥೋಲಿಕರಲ್ಲಿ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವ ಕ್ರಮವಿದೆ. ವಿಭೂತಿ ಬುಧವಾರದಿಂದ ಶುರುವಾಗುವ ತಪಸ್ಸುಕಾಲದಲ್ಲಿ ಅದಕ್ಕೆ ಒತ್ತು ಹೆಚ್ಚು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ದಿನವೂ ಮನಸ್ಸಿನ ಲೆಕ್ಕ ನೋಡಿಕೊಳ್ಳುವ ರೂಢಿ ಹಾಕಿಕೊಟ್ಟರು. ಇದರ ಮೊದಲ ಹೆಜ್ಜೆ ತಪ್ಪುಗಳ ಪಟ್ಟಿಯಲ್ಲ, ಪಡೆದದ್ದಕ್ಕೆ ಕೃತಜ್ಞತೆ.

ಯೇಸುವಿನ ಬೆಟ್ಟದ ಮೇಲಿನ ಬೋಧನೆಯಲ್ಲಿ ಇನ್ನೂ ಖಡಾಖಂಡಿತವಾದ ಸೂಚನೆಯಿದೆ. ಕಾಣಿಕೆ ತಂದವನಿಗೆ, ತನ್ನ ಮೇಲೆ ಸಹೋದರನಿಗೆ ಮುನಿಸಿದೆ ಎಂಬುದು ಬಲಿಪೀಠದ ಮುಂದೆಯೇ ನೆನಪಾದರೂ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ರಾಜಿಗೆ ಹೋಗಬೇಕು. ಬದುವಿನ ಜಗಳ ಹಾಗೇ ಇಟ್ಟುಕೊಂಡು ಹರಕೆ ತೀರಿಸುವಂತಿಲ್ಲ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆ ಈ ಮಾತನ್ನು ಆರಾಧನೆಯಲ್ಲೇ ಅಳವಡಿಸಿಕೊಂಡಿತು. ಕಾಣಿಕೆಗಿಂತ ಮೊದಲು ಶಾಂತಿಯ ಗುರುತು ಗುರುಗಳಿಂದ ಹೊರಟು, ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರು ಕೈಯಿಟ್ಟು, ಸಾಲಿನಿಂದ ಸಾಲಿಗೆ ದಾಟುತ್ತದೆ. ಪಾಲಿನ ವ್ಯಾಜ್ಯದಲ್ಲಿರುವ ಅಣ್ಣತಮ್ಮಂದಿರು ಎರಡು ತುದಿಯ ಬೆಂಚು ಹಿಡಿದು ಕೂತರೆ ಇದರಿಂದಲೂ ತಪ್ಪಿಸಿಕೊಳ್ಳಬಹುದು, ಆ ಮಾತು ಬೇರೆ.