ಆರು ಚಮಚ ಉಪ್ಪೇ? – ಪುಟ ಜೋಡಿಸುವ ವಿಜ್ಞಾನ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನಾನೇ ಕೂತು ಒಂದು ಭಿತ್ತಿಪತ್ರ ಬರೆದಿದ್ದೆ. ವಾಂತಿ-ಭೇದಿಯಾದಾಗ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ದ್ರಾವಣ ಮಾಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ ಮಟ್ಟಸವಾಗಿ 6 ಟೀ ಚಮಚ, ಉಪ್ಪು ಮಟ್ಟಸವಾಗಿ ಅರ್ಧ ಟೀ ಚಮಚ. ಎಡಗಡೆ ಸಾಮಾನಿನ ಹೆಸರು, ಬಲಗಡೆ ಅಳತೆ, ನಡುವೆ ಒಂದು ಗೇಣು ಜಾಗ. ಆ ಜಾಗದಲ್ಲಿ ಚೆಂದ ಕಾಣಲೆಂದು ಒಂದು ಮಡಕೆಯ ಚಿತ್ರ.

ಆರನೇ ತರಗತಿಯ ಹುಡುಗನೊಬ್ಬ ತನ್ನ ಅಜ್ಜಿಗೆ ಅದನ್ನು ಓದಿ ಹೇಳುತ್ತಿದ್ದ. "ಉಪ್ಪು, ಆರು ಚಮಚ" ಅಂದ. ಅಜ್ಜಿ ಗದರಿದರು: "ಲೇ, ಸರಿಯಾಗಿ ಓದೋ. ಆರು ಚಮಚ ಉಪ್ಪು ಹಾಕಿದ್ರೆ ಮಗು ಬಾಯಿಗೆ ಇಡುತ್ತೇನೋ?"

ಹುಡುಗ ಓದಿದ್ದೇ ತಪ್ಪು ಎಂದುಕೊಂಡು ಹತ್ತಿರ ಹೋದೆ. ಅವನ ಬೆರಳು ಹೋದ ದಾರಿಯಲ್ಲೇ ನನ್ನ ಕಣ್ಣೂ ಹೋಯಿತು. 'ಉಪ್ಪು' ಎಂಬಲ್ಲಿಂದ ಹೊರಟು, ಮಡಕೆಯನ್ನು ದಾಟಿ, ಬಲಕ್ಕೆ ಬರುವಷ್ಟರಲ್ಲಿ ಒಂದು ಸಾಲು ಮೇಲಕ್ಕೆ ಜಾರಿಬಿಟ್ಟಿತ್ತು! ಅಕ್ಷರ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಜೋಡಣೆ. ಭೇದಿಯಿಂದ ನೀರು ಕಳೆದುಕೊಂಡ ಮಗುವಿಗೆ ಅಷ್ಟು ಉಪ್ಪು ಕುಡಿಸಿದರೆ ಪ್ರಾಣಕ್ಕೇ ಅಪಾಯ. ಅಜ್ಜಿಯ ಅನುಭವ ನನ್ನ ಮಾನ ಉಳಿಸಿತು ಎನ್ನಬೇಕು.

ಕಣ್ಣು ಹೀಗೇಕೆ ಜಾರುತ್ತದೆ? ಒಂದು ಹಿಡಿ ಹುರುಳಿಕಾಳು ತನ್ನಿ. ನೆಲದ ಮೇಲೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಕಾಳು ಇಡಿ. ಅಕ್ಕಪಕ್ಕದ ಕಾಳುಗಳ ನಡುವೆ 1 ಸೆಂ.ಮೀ., ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 3 ಸೆಂ.ಮೀ. ಅಂತರವಿರಲಿ. ಏನು ಕಾಣುತ್ತದೆ? ಅಡ್ಡ ಸಾಲುಗಳು. ಈಗ ಅಂತರವನ್ನು ಅದಲುಬದಲು ಮಾಡಿ. ಅವೇ ಹದಿನಾರು ಕಾಳು, ಆದರೆ ಕಾಣುವುದು ಕಂಬ ಸಾಲುಗಳು! ಹತ್ತಿರವಿರುವುದನ್ನು ನಮ್ಮ ಮಿದುಳು 'ಇವು ಒಂದೇ ಗುಂಪಿನವು' ಎಂದು ತಾನಾಗಿಯೇ ಸೇರಿಸಿಬಿಡುತ್ತದೆ. ಈ ಬಗೆಯ ಗುಂಪುಗೂಡಿಕೆಯನ್ನು ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ 1923ರಲ್ಲಿ ವಿವರವಾಗಿ ಬರೆದರು. ಅವರು ಬಳಸಿದ್ದೂ ಇಂಥವೇ ಚುಕ್ಕೆಗಳನ್ನು.

ನನ್ನ ಭಿತ್ತಿಪತ್ರದಲ್ಲಿ ಸಾಲಿಗೂ ಸಾಲಿಗೂ ನಡುವೆ ಎರಡು ಬೆರಳು ಜಾಗ, ಹೆಸರಿಗೂ ಅಳತೆಗೂ ನಡುವೆ ಒಂದು ಗೇಣು. ಹಾಗಾಗಿ ಉಪ್ಪು ತನ್ನ ಅಳತೆಯನ್ನು ಬಿಟ್ಟು ಸಕ್ಕರೆಯ ಜೊತೆ ಸೇರಿಕೊಂಡಿತ್ತು. ಮಡಕೆಯನ್ನು ಅಳಿಸಿ, ಅಳತೆಯನ್ನು ಹೆಸರಿನ ಪಕ್ಕಕ್ಕೇ ತಂದೆ. ಸಾಲುಗಳನ್ನು ದೂರ ದೂರ ಬರೆದೆ. ಆಮೇಲೆ ಯಾರೂ ತಪ್ಪು ಓದಲಿಲ್ಲ.

ಗೋಡೆಯ ಹಾಳೆಯಾಗಲಿ, ಕಂಪ್ಯೂಟರಿನ ಪರದೆಯಾಗಲಿ, ನೋಡುವ ಕಣ್ಣು ಒಂದೇ. ಆದ್ದರಿಂದ ವೆಬ್ ಪುಟ ಮಾಡಲು ಕಲಿಯುವವರೂ ಇಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದಾಗ 1989ರಲ್ಲಿ ವೆಬ್‌ನ ಯೋಜನೆಯನ್ನು ಮುಂದಿಟ್ಟರು. ಅವರ ಮೊದಲ ಪುಟದಲ್ಲಿ ಚಿತ್ರವೂ ಇರಲಿಲ್ಲ, ಬಣ್ಣದ ಅಲಂಕಾರವೂ ಇರಲಿಲ್ಲ. ಬರಹ, ಮತ್ತು ಒತ್ತಿದರೆ ಬೇರೆ ಪುಟಕ್ಕೆ ಕರೆದೊಯ್ಯುವ ಪದಗಳು, ಇಷ್ಟೇ.

ವೆಬ್ ಪುಟ ಬರೆಯುವಾಗ ಎರಡು ಭಾಷೆ ಬಳಸುತ್ತಾರೆ. 'ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ' ಎಂದು ಹೇಳುವುದು ಎಚ್‌ಟಿಎಂಎಲ್. 'ತಲೆಬರಹ ಇಷ್ಟು ದೊಡ್ಡದಿರಲಿ, ಸುತ್ತ ಇಷ್ಟು ಜಾಗ ಬಿಡಿ, ಬಣ್ಣ ನೀಲಿಯಿರಲಿ' ಎಂದು ಹೇಳುವುದು ಸಿಎಸ್‌ಎಸ್. ಎರಡನೆಯದನ್ನು 1994ರಲ್ಲಿ ಸೂಚಿಸಿದವರು ನಾರ್ವೆಯ ಹೋಕನ್ ವಿಯುಮ್ ಲೀ. ಇದರ ಲಾಭವೇನು? ನೂರು ಪುಟಗಳ ತಲೆಬರಹದ ಬಣ್ಣ ಬದಲಿಸಬೇಕಾದರೆ ನೂರು ಕಡೆ ತಿದ್ದಬೇಕಿಲ್ಲ, ಎಲ್ಲ ಪುಟಗಳಿಗೂ ಸೇರಿದ ಒಂದು ಸಿಎಸ್‌ಎಸ್ ಕಡತದಲ್ಲಿ ಒಂದೇ ಸಾಲು ತಿದ್ದಿದರೆ ಸಾಕು. ಪುಟದ ಒಂದೊಂದು ತುಂಡನ್ನೂ ಕಂಪ್ಯೂಟರ್ ಒಂದು ಪೆಟ್ಟಿಗೆಯಂತೆ ಕಾಣುತ್ತದೆ. ಪೆಟ್ಟಿಗೆಯ ಒಳಗೆ ಎಷ್ಟು ಖಾಲಿ ಜಾಗ, ಹೊರಗೆ ಎಷ್ಟು ಎಂದು ನಾವು ಹೇಳಬಹುದು. ಅಗಲ ಪರದೆಯಲ್ಲಿ ಅಕ್ಕಪಕ್ಕ ನಿಂತ ಪೆಟ್ಟಿಗೆಗಳು ಮೊಬೈಲಿನಲ್ಲಿ ಒಂದರ ಕೆಳಗೊಂದು ಬರುವಂತೆಯೂ ಬರೆಯಬಹುದು.

ಕನ್ನಡಕ್ಕೆ ಇಲ್ಲೊಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ. ನಮ್ಮಲ್ಲಿ 'ರಾಷ್ಟ್ರ', 'ವೈಶಿಷ್ಟ್ಯ' ಎಂದು ಬರೆದು ನೋಡಿ. ಒತ್ತಕ್ಷರಗಳು ಸಾಲಿನಿಂದ ಕೆಳಗೆ ಇಳಿಬೀಳುತ್ತವೆ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏಳುತ್ತದೆ. ಸಾಲುಗಳು ಒತ್ತಾಗಿದ್ದರೆ ಎರಡೂ ಡಿಕ್ಕಿ ಹೊಡೆದು ಓದಲು ಕಷ್ಟ. ಸಾಲಿನಿಂದ ಸಾಲಿಗೆ ಇರುವ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಇರಲಿ. ಜಾಗ ಉಳಿಸಲು ಸಾಲುಗಳನ್ನು ತುರುಕುವ ಬದಲು ಎರಡು ವಾಕ್ಯ ಕಡಿಮೆ ಬರೆಯುವುದೇ ಲೇಸು.

ಇನ್ನು ಬಣ್ಣ. ಹಿರಿಯರನ್ನು ಕೇಳಿ, ಮೊಬೈಲಿನಲ್ಲಿ ಬಿಳಿ ಪುಟವೊಂದನ್ನು ತೆರೆದು, ಪರದೆಯ ಮೇಲೆ ಕಡ್ಡಿಯ ತುದಿಯಿಂದ ಸಣ್ಣ ನೀರ ಹನಿ ಇಡಿ. ಹನಿ ಮಸೂರದಂತೆ ಕೆಲಸ ಮಾಡುತ್ತದೆ. ಬಿಳಿಯ ಬದಲು ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ! ನೋಡಿದ ಕೂಡಲೇ ಒರೆಸಿಬಿಡಿ. ಪರದೆ ತುಂಬ ಇಂಥ ಮೂರು ಬಣ್ಣಗಳ ಬೆಳಕಿನ ಗುಂಪುಗಳಿರುತ್ತವೆ. ಅವಕ್ಕೆ ಪಿಕ್ಸೆಲ್ ಎಂದು ಹೆಸರು. ಪ್ರತಿ ಬಣ್ಣದ ಪ್ರಖರತೆಯನ್ನು ಸಾಮಾನ್ಯವಾಗಿ 0 ಯಿಂದ 255ರವರೆಗೆ, ಅಂದರೆ 256 ಹಂತಗಳಲ್ಲಿ ಹೇಳುತ್ತಾರೆ. 256 × 256 × 256 ಎಷ್ಟು? 1,67,77,216 ಬಣ್ಣಗಳು. ಹಳದಿಗೆ ಬೇರೆ ಚುಕ್ಕೆಯಿಲ್ಲ, ಕೆಂಪು ಹಸಿರು ಎರಡೂ ಬೆಳಗಿದರೆ ನಮ್ಮ ಕಣ್ಣಿಗೆ ಅದೇ ಹಳದಿ.

ಇಷ್ಟು ಬಣ್ಣ ಸಿಕ್ಕಿತೆಂದು ಎಲ್ಲವನ್ನೂ ಬಳಿಯುವುದು ಹೊಸಬರ ಚಟ. ನನಗೂ ಇತ್ತು. ನೋಡಬೇಕಾದ್ದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ. ಬಿಳಿಯ ಮೇಲೆ ಕಪ್ಪು ಬರೆದರೆ ಅದು 21ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಅಚ್ಚ ಹಳದಿ ಬರೆದರೆ ಅದು 1.1ನ್ನೂ ಮುಟ್ಟುವುದಿಲ್ಲ. ಹಸಿರಿನ ಮೇಲೆ ಕೆಂಪು ಬರೆಯುವುದೂ ಬೇಡ. ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದವರು ನಿಮ್ಮ ತರಗತಿಯಲ್ಲೇ ಇರಬಹುದು. ಇದು ಹೆಚ್ಚಾಗಿ ಹುಟ್ಟಿನಿಂದಲೇ ಬರುವಂಥದ್ದು, ಹುಡುಗರಲ್ಲಿ ಹೆಚ್ಚು. ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ.

ಕಂಪ್ಯೂಟರ್ ಇಲ್ಲದಿದ್ದರೂ ನೀವು ಶುರು ಮಾಡಬಹುದು. ಗಣಿತದ ಚೌಕಳಿ ಹಾಳೆ ತೆಗೆದುಕೊಳ್ಳಿ. ನಿಮ್ಮ ಶಾಲೆಯ ಬಗ್ಗೆ ಒಂದು ಪುಟ ಮಾಡಬೇಕೆಂದು ಭಾವಿಸಿ, ತಲೆಬರಹ, ಚಿತ್ರ, ಬರಹ, ಊಟದ ವೇಳೆ, ಇವಕ್ಕೆ ಪೆಟ್ಟಿಗೆ ಎಳೆಯಿರಿ. ಪೆಟ್ಟಿಗೆಗಳ ಎಡ ಅಂಚು ಒಂದೇ ಗೆರೆಗೆ ಬರಲಿ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದೇ ಒಂದು ದೊಡ್ಡದಿರಲಿ, ನಾಲ್ಕೂ ದೊಡ್ಡದಾದರೆ ಯಾವುದೂ ದೊಡ್ಡದಲ್ಲ. ಆಮೇಲೆ ನಾಲ್ಕನೇ ತರಗತಿಯ ಮಗುವೊಂದಕ್ಕೆ ಐದು ಎಣಿಸುವಷ್ಟು ಹೊತ್ತು ತೋರಿಸಿ, ಹಾಳೆ ಮಡಚಿ, 'ಏನು ಕಂಡಿತು?' ಎಂದು ಕೇಳಿ. ನೀವು ಮುಖ್ಯ ಎಂದುಕೊಂಡದ್ದನ್ನು ಅದು ಹೇಳದಿದ್ದರೆ ಮಗುವನ್ನು ಗದರಬೇಡಿ, ರಬ್ಬರ್ ಕೈಗೆತ್ತಿಕೊಳ್ಳಿ.